ರೋಮನ್ ಚಿನ್ನದ ನಾಣ್ಯಗಳಲ್ಲಿ ಚಕ್ರವರ್ತಿಯ ಬಿಂಬ: ಚಿತ್ರ, ಲೋಹ ಮತ್ತು ಅಧಿಕಾರ

ಪ್ರಾಚೀನ ರಾಜ್ಯಗಳ ಇತಿಹಾಸವನ್ನು ಪುನಾರಚಿಸುವಲ್ಲಿ ಶಾಸನಗಳಷ್ಟೇ ಮಹತ್ವವನ್ನು ನಾಣ್ಯಗಳೂ ಪಡೆದಿವೆ. ಶಾಸನವು ನೆಟ್ಟ ಸ್ಥಳದಲ್ಲಿಯೇ ನಿಲ್ಲುತ್ತದೆ. ನಾಣ್ಯವು ಕೈಯಿಂದ ಕೈಗೆ, ನಾಡಿನಿಂದ ನಾಡಿಗೆ ಸಾಗುತ್ತದೆ. ಹೀಗೆ ಸಾಗುವಾಗ ಅದು ಲೋಹದ ಮೌಲ್ಯದೊಂದಿಗೆ ಅದನ್ನು ಅಚ್ಚುಹಾಕಿಸಿದ ಪ್ರಭುವಿನ ಹೆಸರು, ಮುಖ ಮತ್ತು ಬಿರುದುಗಳನ್ನೂ, ಆತನ ಅಧಿಕಾರದ ಬಗ್ಗೆ ಜನರು ಏನನ್ನು ನಂಬಬೇಕೆಂದು ಅಪೇಕ್ಷಿಸಲಾಗಿತ್ತೋ ಅದನ್ನೂ ಕೊಂಡೊಯ್ಯುತ್ತದೆ. ರೋಮ್ ಸಾಮ್ರಾಜ್ಯದ ಚಿನ್ನದ ನಾಣ್ಯಗಳು ಇದಕ್ಕೆ ಅತ್ಯುತ್ತಮ ನಿದರ್ಶನಗಳಾಗಿವೆ. ದಕ್ಷಿಣ ಭಾರತದಲ್ಲಿ ದೊರೆತ ನಿಧಿಗಳ ಮೂಲಕ ಇವು ನಮ್ಮ ವಿದ್ವಾಂಸರಿಗೆ ಚಿರಪರಿಚಿತವಾದರೂ, ಸಾಗರೋತ್ತರ ವ್ಯಾಪಾರದ ಸಾಕ್ಷ್ಯಗಳೆಂದು ಇವುಗಳನ್ನು ಪರಿಗಣಿಸಿದಷ್ಟು ಆಳವಾಗಿ ಇವುಗಳ ಮೇಲಿನ ಚಿತ್ರಗಳನ್ನು ಕನ್ನಡದಲ್ಲಿ ಪರಿಶೀಲಿಸಿರುವುದು ಕಡಿಮೆ.

ಈ ನಾಣ್ಯಗಳ ಒಂದು ಬದಿಯಲ್ಲಿರುವ ಮುಖವು ಯಾವುದಕ್ಕೆ ಹೊಣೆಯಾಗಿತ್ತು? ಲೋಹದ ಶುದ್ಧತೆಗೋ, ರಾಜ್ಯದ ಸ್ಥಿರತೆಗೋ, ಅಥವಾ ಆ ವ್ಯಕ್ತಿಯ ಅಧಿಕಾರದ ನ್ಯಾಯಬದ್ಧತೆಗೋ? ಚಕ್ರವರ್ತಿಯ ಆಳ್ವಿಕೆಯು ಯಾವ ಆಧಾರದ ಮೇಲೆ ನಿಂತಿದೆ ಎಂಬುದಕ್ಕೆ ರೋಮ್ ಕಾಲದಿಂದ ಕಾಲಕ್ಕೆ ನೀಡಿದ ಉತ್ತರಗಳು ಬದಲಾದಂತೆ ಚಿನ್ನದ ಮೇಲಿನ ಚಿತ್ರಗಳೂ ಬದಲಾದವು. ಸಾಮ್ರಾಜ್ಯದ ಗಡಿಯನ್ನು ದಾಟಿದಾಗ ಆ ಉತ್ತರಗಳಲ್ಲಿ ಯಾವುದು ಉಳಿಯಿತು ಎಂಬುದನ್ನು ದಕ್ಷಿಣ ಭಾರತದ ನಿಧಿಗಳು ತಿಳಿಸುತ್ತವೆ. ಈ ಎರಡನ್ನೂ ಒಟ್ಟಾಗಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಔರಿಯಸ್: ತೂಕ ಮತ್ತು ಮೌಲ್ಯ

ರೋಮನ್ನರ ಚಿನ್ನದ ನಾಣ್ಯಕ್ಕೆ ‘ಔರಿಯಸ್’ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ ‘ಹೊನ್ನಿನದು’ ಎಂದರ್ಥ. ಗಣರಾಜ್ಯದ ಕಾಲದಲ್ಲಿ ರೋಮ್ ಚಿನ್ನದ ನಾಣ್ಯಗಳನ್ನು ಅಪರೂಪವಾಗಿ, ಅದೂ ಯುದ್ಧದಂತಹ ತುರ್ತುಸಂದರ್ಭಗಳಲ್ಲಿ ಮಾತ್ರ ಅಚ್ಚುಹಾಕುತ್ತಿತ್ತು. ಜೂಲಿಯಸ್ ಸೀಸರನು ಕ್ರಿ.ಪೂ. 46ರಲ್ಲಿ ಒಂದು ರೋಮನ್ ಪೌಂಡ್ ಚಿನ್ನಕ್ಕೆ 40 ನಾಣ್ಯಗಳಂತೆ ದೊಡ್ಡ ಪ್ರಮಾಣದಲ್ಲಿ ಟಂಕಿಸಿದ ನಂತರ ಚಿನ್ನವು ರೋಮನ್ ನಾಣ್ಯವ್ಯವಸ್ಥೆಯ ಸ್ಥಿರ ಅಂಗವಾಯಿತು. ರೋಮನ್ ಪೌಂಡ್ ಸುಮಾರು 325 ಗ್ರಾಂ ತೂಗುತ್ತಿತ್ತಾದ್ದರಿಂದ ಒಂದೊಂದು ನಾಣ್ಯದ ತೂಕ ಸುಮಾರು 8 ಗ್ರಾಂ. ಅಗಸ್ಟಸನ ಕಾಲದಲ್ಲಿ ನೆಲೆಗೊಂಡ ವ್ಯವಸ್ಥೆಯಂತೆ ಒಂದು ಔರಿಯಸ್ 25 ಬೆಳ್ಳಿಯ ಡಿನೇರಿಯಸ್‌ಗಳಿಗೆ, ಅಥವಾ 100 ಸೆಸ್ಟರ್ಸ್‌ಗಳಿಗೆ ಸಮ. ಚಿನ್ನದ ಶುದ್ಧತೆ ಶೇಕಡಾ 98ಕ್ಕೂ ಹೆಚ್ಚು.

ಈ ಮೌಲ್ಯವನ್ನು ಅಂದಿನ ಆದಾಯದೊಂದಿಗೆ ಹೋಲಿಸಿದರೆ ನಾಣ್ಯವನ್ನು ಯಾರು ಬಳಸುತ್ತಿದ್ದರೆಂಬುದು ಸ್ಪಷ್ಟವಾಗುತ್ತದೆ. ಅಗಸ್ಟಸನ ಕಾಲದ ಸಾಮಾನ್ಯ ಪದಾತಿಯ ವಾರ್ಷಿಕ ವೇತನ 225 ಡಿನೇರಿಯಸ್, ಅಂದರೆ 9 ಔರಿಯಸ್. ಅದನ್ನು ಮೂರು ಕಂತುಗಳಲ್ಲಿ ನೀಡಲಾಗುತ್ತಿತ್ತು. ಡೊಮಿಷಿಯನ್ ಚಕ್ರವರ್ತಿ ತಲಾ ಮೂರು ಚಿನ್ನದ ನಾಣ್ಯಗಳ ನಾಲ್ಕನೆಯ ಕಂತನ್ನು ಸೇರಿಸಿದನೆಂದು ಸ್ಯುಟೋನಿಯಸ್ ತಿಳಿಸುತ್ತಾನೆ. ಸಂತೆಯ ಕೊಡುಕೊಳ್ಳುವಿಕೆಗೆ ತಾಮ್ರ ಹಾಗೂ ಹಿತ್ತಾಳೆಯ ನಾಣ್ಯಗಳು ಬಳಕೆಯಾಗುತ್ತಿದ್ದವು. ಚಿನ್ನವು ಸೈನಿಕರ ವೇತನ ಮತ್ತು ಉಡುಗೊರೆ, ಅಧಿಕಾರಿಗಳ ಸಂಬಳ, ಭೂಮಿಯ ಖರೀದಿ, ಸೆನೆಟ್ ಸದಸ್ಯರ ಸಂಪತ್ತು ಮತ್ತು ದೂರದೇಶದ ವ್ಯಾಪಾರಗಳಲ್ಲಿ ಚಲಿಸುತ್ತಿತ್ತು. ಆದ್ದರಿಂದ ಚಿನ್ನದ ಮೇಲಿನ ಚಿತ್ರಗಳನ್ನು ಮೊದಲು ಕಂಡವರು ಸೈನ್ಯ, ಆಡಳಿತ ಮತ್ತು ಸಿರಿವಂತ ವರ್ಗಗಳಿಗೆ ಸೇರಿದವರು. ಚಕ್ರವರ್ತಿಯ ಅಳಿವು ಉಳಿವು ಇವರನ್ನೇ ಅವಲಂಬಿಸಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ನಾಣ್ಯಗಳ ತಯಾರಿಕೆಯ ವಿಧಾನ ಸರಳವಾಗಿತ್ತು. ತೂಕಕ್ಕೆ ಸರಿಹೊಂದಿಸಿದ ಚಿನ್ನದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿರಿಸಿ, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯಲಾಗುತ್ತಿತ್ತು. ಚಕ್ರವರ್ತಿಯ ತಲೆಯಿರುವ ಬದಿಯನ್ನು ಮುಮ್ಮುಖವೆಂದೂ, ದೇವತೆ, ಕಟ್ಟಡ, ವಿಜಯಚಿಹ್ನೆ ಮೊದಲಾದವುಗಳಿರುವ ಬದಿಯನ್ನು ಹಿಮ್ಮುಖವೆಂದೂ ಕರೆಯಲಾಗುತ್ತದೆ. ಮುಮ್ಮುಖವು ‘ಆಳುವವನು ಯಾರು’ ಎಂಬುದನ್ನು ಹೇಳಿದರೆ, ಹಿಮ್ಮುಖವು ‘ಅವನು ಆಳುವುದೇಕೆ’ ಎಂಬುದಕ್ಕೆ ಕಾರಣ ಕೊಡುತ್ತದೆ.

ಜೀವಂತ ವ್ಯಕ್ತಿಯ ಮುಖ

ಗಣರಾಜ್ಯದ ರೋಮಿನಲ್ಲಿ ಬದುಕಿರುವ ವ್ಯಕ್ತಿಯ ಮುಖವನ್ನು ನಾಣ್ಯದ ಮೇಲೆ ಮೂಡಿಸುವ ಪದ್ಧತಿ ಇರಲಿಲ್ಲ. ಟಂಕಸಾಲೆಯ ಹೊಣೆಹೊತ್ತ ಮೂವರು ಕಿರಿಯ ಅಧಿಕಾರಿಗಳು ರೋಮಾ ದೇವತೆಯ ತಲೆಯನ್ನು, ಇತರ ದೇವತೆಗಳನ್ನು ಅಥವಾ ತಮ್ಮ ಪೂರ್ವಿಕರ ಸಾಧನೆಗಳನ್ನು ಚಿತ್ರಿಸುತ್ತಿದ್ದರು. ಮುಖಚಿತ್ರವೆಂಬುದು ಗ್ರೀಕ್ ಅರಸರ ಲಕ್ಷಣ. ಅರಸೊತ್ತಿಗೆಯನ್ನು ದ್ವೇಷಿಸುತ್ತಿದ್ದ ರೋಮನ್ನರಿಗೆ ಅದು ಅಸಹ್ಯವಾಗಿತ್ತು. ಕ್ರಿ.ಪೂ. 196ರ ಸುಮಾರಿಗೆ ಮ್ಯಾಸಿಡೋನಿಯದ ಮೇಲೆ ಜಯ ಸಾಧಿಸಿದ ಫ್ಲಾಮಿನೈನಸನ ಮುಖವಿರುವ ಚಿನ್ನದ ನಾಣ್ಯಗಳು ಹೊರಬಂದವಾದರೂ ಅವು ಗ್ರೀಸಿನಲ್ಲಿ ಗ್ರೀಕ್ ಮಾದರಿಯನ್ನನುಸರಿಸಿ ಹೊರಟವುಗಳು.

ಕ್ರಿ.ಪೂ. 44ರ ಆರಂಭದಲ್ಲಿ ಸೆನೆಟಿನ ಅನುಮತಿಯೊಂದಿಗೆ ಜೂಲಿಯಸ್ ಸೀಸರನ ಮುಖ ರೋಮಿನ ಬೆಳ್ಳಿಯ ನಾಣ್ಯಗಳ ಮೇಲೆ ಕಾಣಿಸಿಕೊಂಡಿತು. ಕೆಲವೇ ವಾರಗಳಲ್ಲಿ ಸೀಸರನ ಕೊಲೆಯಾಯಿತು. ಆದರೆ ಒಮ್ಮೆ ಮುರಿದ ಕಟ್ಟಳೆ ಮತ್ತೆ ಕೂಡಿಕೊಳ್ಳಲಿಲ್ಲ. ಅರಸೊತ್ತಿಗೆಯನ್ನು ತಡೆಯಲೆಂದೇ ಸೀಸರನನ್ನು ಕೊಂದ ಬ್ರೂಟಸನು ಕ್ರಿ.ಪೂ. 43–42ರಲ್ಲಿ ತನ್ನ ಸೈನ್ಯಕ್ಕಾಗಿ ಹೊರಡಿಸಿದ ನಾಣ್ಯಗಳ ಮುಮ್ಮುಖದಲ್ಲಿ ತನ್ನದೇ ಮುಖವನ್ನು ಮೂಡಿಸಿದನು. ಹಿಮ್ಮುಖದಲ್ಲಿ ಎರಡು ಕಠಾರಿಗಳು, ಅವುಗಳ ನಡುವೆ ಬಿಡುಗಡೆ ಹೊಂದಿದ ಗುಲಾಮನು ಧರಿಸುವ ಟೋಪಿ, ಕೆಳಗೆ ಸೀಸರನು ಹತನಾದ ಮಾರ್ಚ್ ಮಧ್ಯದ ದಿನದ ಹೆಸರು. ಇತಿಹಾಸಕಾರ ಡಯೋ ಕ್ಯಾಸಿಯಸ್ ಈ ನಾಣ್ಯವನ್ನು ತನ್ನ ಗ್ರಂಥದಲ್ಲಿ ವರ್ಣಿಸಿರುವುದರಿಂದ, ನಾಣ್ಯಚಿತ್ರಗಳನ್ನು ಪ್ರಾಚೀನರು ಗಮನಿಸುತ್ತಿದ್ದರು ಮತ್ತು ನೆನಪಿನಲ್ಲಿಟ್ಟುಕೊಂಡಿದ್ದರು ಎಂಬುದು ಖಚಿತವಾಗುತ್ತದೆ. ಸ್ವಾತಂತ್ರ್ಯವನ್ನು ಸಾರುವ ನಾಣ್ಯಕ್ಕೂ ನಾಯಕನ ಮುಖ ಅನಿವಾರ್ಯವಾಯಿತೆಂಬುದು ಗಣರಾಜ್ಯದ ಅಂತ್ಯವನ್ನು ಯಾವ ಗ್ರಂಥಕ್ಕಿಂತಲೂ ಅಡಕವಾಗಿ ಹೇಳುತ್ತದೆ.

ಈ ಬಗೆಯ ಚಿನ್ನದ ಪ್ರತಿಗಳು ಅತ್ಯಂತ ವಿರಳ. 2020ರಲ್ಲಿ ಲಂಡನ್ನಿನಲ್ಲಿ ಹರಾಜಾದ ಒಂದು ಪ್ರತಿಯ ಹಿಂದಿನ ಒಡೆತನದ ವಿವರಗಳು ಸುಳ್ಳೆಂದು ಕಂಡುಬಂದು, 2023ರಲ್ಲಿ ಅದನ್ನು ಗ್ರೀಸಿಗೆ ಹಿಂತಿರುಗಿಸಲಾಯಿತು. ನಾಣ್ಯವು ಮರಳಿ ಬಂದರೂ ಅದು ಯಾವ ನೆಲದಲ್ಲಿ, ಯಾವ ವಸ್ತುಗಳೊಡನೆ ದೊರೆಯಿತೆಂಬ ಮಾಹಿತಿ ಮರಳಿ ಬರುವುದಿಲ್ಲ.

ಅಗಸ್ಟಸ್: ಕಾನೂನು, ವಿಜಯ, ವಂಶ

ಕ್ರಿ.ಪೂ. 31ರ ಆಕ್ಟಿಯಮ್ ಯುದ್ಧದ ನಂತರ ಅಧಿಕಾರದ ಏಕೈಕ ಒಡೆಯನಾದ ಅಗಸ್ಟಸನ ಮುಂದಿದ್ದ ಸಮಸ್ಯೆ ಸೂಕ್ಷ್ಮವಾದುದು. ಆತನು ಅರಸನಾಗಿದ್ದರೂ ಅರಸನೆನಿಸಿಕೊಳ್ಳುವಂತಿರಲಿಲ್ಲ. ಈ ಇಕ್ಕಟ್ಟಿಗೆ ಕೊಟ್ಟ ಉತ್ತರವನ್ನು ಆತನ ಚಿನ್ನದ ನಾಣ್ಯಗಳಲ್ಲಿ ಮೂರು ನೆಲೆಗಳಲ್ಲಿ ಗುರುತಿಸಬಹುದಾಗಿದೆ.

ಮೊದಲನೆಯದು ಕಾನೂನು. ಬ್ರಿಟಿಷ್ ಮ್ಯೂಸಿಯಂ 1995ರಲ್ಲಿ ಪಡೆದುಕೊಂಡ, ಕ್ರಿ.ಪೂ. 28ಕ್ಕೆ ಸೇರಿದ ಔರಿಯಸ್ ಒಂದರ ಹಿಮ್ಮುಖದಲ್ಲಿ ಆತನು ಕಾನ್ಸಲ್ ಪದವಿಯ ಪೀಠದಲ್ಲಿ ಕುಳಿತು, ಕೈಯಲ್ಲಿ ಓಲೆಯ ಸುರುಳಿಯೊಂದನ್ನು ಹಿಡಿದಿದ್ದಾನೆ. ರೋಮಿನ ಜನತೆಗೆ ಕಾನೂನುಗಳನ್ನೂ ಹಕ್ಕುಗಳನ್ನೂ ಮರಳಿ ಸ್ಥಾಪಿಸಿಕೊಟ್ಟನು ಎಂಬರ್ಥದ ಬರಹ ಸುತ್ತಲೂ ಇದೆ. ಗಣರಾಜ್ಯದ ಪುನಃಸ್ಥಾಪನೆಯ ಬಗೆಗೆ ಅಗಸ್ಟಸನು ತನ್ನ ಬಾಳಿನ ಕೊನೆಯಲ್ಲಿ ಹೇಳಿಕೊಂಡದ್ದನ್ನು ಆ ಘಟನೆಯ ಕಾಲದಲ್ಲಿಯೇ ಸಾರಿದ ಸಾಕ್ಷ್ಯವೆಂಬ ಕಾರಣದಿಂದ ಈ ನಾಣ್ಯ ಅಮೂಲ್ಯವಾದುದು.

ಎರಡನೆಯದು ವಿಜಯ. ಈಜಿಪ್ಟ್ ವಶವಾದುದನ್ನು ಮೊಸಳೆಯೊಂದರ ಚಿತ್ರದಿಂದ ಸೂಚಿಸಲಾಯಿತು. ಕ್ರಿ.ಪೂ. 27ರ ಔರಿಯಸ್‌ನಲ್ಲಿ ರೆಕ್ಕೆಬಿಚ್ಚಿದ ಹದ್ದು ಓಕ್ ಎಲೆಗಳ ಮಾಲೆಯನ್ನು ಹಿಡಿದಿದೆ. ಓಕ್ ಮಾಲೆಯು ಯುದ್ಧದಲ್ಲಿ ಸಹನಾಗರಿಕನ ಪ್ರಾಣ ಉಳಿಸಿದವನಿಗೆ ಸಲ್ಲುತ್ತಿದ್ದ ಗೌರವ. ನಾಗರಿಕರ ನಡುವಣ ಯುದ್ಧದಲ್ಲಿ ಗೆದ್ದವನು ನಾಗರಿಕರ ಪ್ರಾಣರಕ್ಷಕನಾಗಿ ಇಲ್ಲಿ ಕಾಣಿಸಿಕೊಳ್ಳುತ್ತಾನೆ.

ಮೂರನೆಯದು ವಂಶ. ಕ್ರಿ.ಪೂ. 2ರಿಂದ ಲುಗ್ಡುನಮ್ (ಇಂದಿನ ಫ್ರಾನ್ಸಿನ ಲಿಯಾನ್) ಟಂಕಸಾಲೆಯಲ್ಲಿ ಅಪಾರ ಸಂಖ್ಯೆಯಲ್ಲಿ ಹೊರಟ ನಾಣ್ಯಗಳಲ್ಲಿ ಆತನ ದತ್ತುಪುತ್ರರಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ ಈಟಿಗಳೊಡನೆ ನಿಂತಿದ್ದಾರೆ. ಲೂಸಿಯಸ್ ಕ್ರಿ.ಶ. 2ರಲ್ಲಿ, ಗಾಯಸ್ ಕ್ರಿ.ಶ. 4ರಲ್ಲಿ ತೀರಿಕೊಂಡರು. ಅವರು ಬಾಳಿ ಆಳದಿದ್ದರೂ ಅವರ ಚಿತ್ರ ಮಾತ್ರ ಭಾರತದವರೆಗೆ ತಲುಪಿ, ಇಲ್ಲಿನ ಕೈಗಳಲ್ಲಿ ಅನುಕರಣೆಗೂ ಒಳಗಾಯಿತು. ಅಗಸ್ಟಸನ ನಂತರ ಬಂದ ಟೈಬೀರಿಯಸನು (ಕ್ರಿ.ಶ. 14–37) ಕೈಯಲ್ಲಿ ದಂಡವನ್ನೂ ಟೊಂಗೆಯನ್ನೂ ಹಿಡಿದು ಕುಳಿತ ಸ್ತ್ರೀಮೂರ್ತಿಯ ಚಿತ್ರವನ್ನು ಬಹುಕಾಲ ಬದಲಾಯಿಸದೆ ಮುಂದುವರಿಸಿದನು. ಆಕೆ ಆತನ ತಾಯಿ ಲಿವಿಯಾ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ದಕ್ಷಿಣ ಭಾರತದಲ್ಲಿ ದೊರೆಯುವ ರೋಮನ್ ನಾಣ್ಯಗಳಲ್ಲಿ ಈ ಎರಡು ಬಗೆಗಳೇ ಪ್ರಧಾನ.

ಸೈನ್ಯ, ತಾಯಿ, ಸೋತ ನಾಡು

ಅಧಿಕಾರದ ನಿಜವಾದ ಆಧಾರವನ್ನು ನಾಣ್ಯಗಳು ಕೆಲವೊಮ್ಮೆ ಅಚ್ಚರಿಯೆನಿಸುವಷ್ಟು ನೇರವಾಗಿ ಒಪ್ಪಿಕೊಳ್ಳುತ್ತವೆ. ಕ್ರಿ.ಶ. 41ರಲ್ಲಿ ಕ್ಯಾಲಿಗುಲನ ಕೊಲೆಯಾದಾಗ ಪ್ರಿಟೋರಿಯನ್ ಎಂಬ ಅಂಗರಕ್ಷಕ ಪಡೆಯು ಕ್ಲಾಡಿಯಸನನ್ನು ತನ್ನ ಪಾಳೆಯಕ್ಕೆ ಕರೆದೊಯ್ದು ಚಕ್ರವರ್ತಿಯೆಂದು ಘೋಷಿಸಿತು. ಆತನು ಪ್ರತಿಯೊಬ್ಬ ಸೈನಿಕನಿಗೆ 15,000 ಸೆಸ್ಟರ್ಸ್, ಅಂದರೆ 150 ಔರಿಯಸ್ ಮೌಲ್ಯದ ಹಣವನ್ನು ವಾಗ್ದಾನ ಮಾಡಿದನೆಂದೂ, ಸೈನ್ಯದ ನಿಷ್ಠೆಯನ್ನು ಹಣದಿಂದ ಕೊಂಡ ಮೊದಲ ಚಕ್ರವರ್ತಿ ಆತನೇ ಎಂದೂ ಸ್ಯುಟೋನಿಯಸ್ ಬರೆದಿದ್ದಾನೆ. ಆ ಆಳ್ವಿಕೆಯ ಆರಂಭದ ಚಿನ್ನದ ನಾಣ್ಯಗಳಲ್ಲಿ ಪಾಳೆಯದ ಕೋಟೆಗೋಡೆ ಮತ್ತು ಒಳಗೆ ನಿಂತ ಸೈನಿಕನಿದ್ದು, ‘ಚಕ್ರವರ್ತಿಯನ್ನು ಬರಮಾಡಿಕೊಳ್ಳಲಾಯಿತು’ ಎಂಬರ್ಥದ ಬರಹವಿದೆ. ಇನ್ನೊಂದು ಬಗೆಯಲ್ಲಿ ಚಕ್ರವರ್ತಿ ಮತ್ತು ಸೈನಿಕ ಕೈಕುಲುಕುತ್ತಿದ್ದಾರೆ. ಕೊಟ್ಟವನಿಗೂ ಕೊಂಡವನಿಗೂ ಅರ್ಥವಾಗುವ ಚಿತ್ರವಿದು.

ಕ್ರಿ.ಶ. 54ರಲ್ಲಿ ಹದಿನಾರರ ಹರೆಯದ ನೀರೋ ಪಟ್ಟಕ್ಕೆ ಬಂದಾಗ ಹೊರಟ ಔರಿಯಸ್‌ನಲ್ಲಿ ಆತನ ಹಾಗೂ ಆತನ ತಾಯಿ ಅಗ್ರಿಪ್ಪಿನಾಳ ಮುಖಗಳು ಎದುರುಬದುರಾಗಿವೆ. ಮುಮ್ಮುಖದ ಬರಹ ತಾಯಿಯದು. ಮಗನ ಬಿರುದುಗಳು ಹಿಮ್ಮುಖಕ್ಕೆ ಸಂದಿವೆ. ಮರುವರ್ಷದ ನಾಣ್ಯದಲ್ಲಿ ಎರಡೂ ಮುಖಗಳು ಒಂದೇ ದಿಕ್ಕಿಗೆ ತಿರುಗಿದ್ದು, ನೀರೋನ ಮುಖ ಮುಂದೆ, ತಾಯಿಯದು ಹಿಂದೆ, ಬರಹಗಳೂ ಸ್ಥಾನಪಲ್ಲಟಗೊಂಡಿವೆ. ಆಮೇಲೆ ಅಗ್ರಿಪ್ಪಿನಾ ರೋಮಿನ ಚಿನ್ನದ ನಾಣ್ಯಗಳಿಂದ ಮರೆಯಾಗುತ್ತಾಳೆ. ಕ್ರಿ.ಶ. 59ರಲ್ಲಿ ನೀರೋನ ಆಜ್ಞೆಯಂತೆ ಆಕೆಯ ಕೊಲೆಯಾಯಿತು. ಅರಮನೆಯೊಳಗಿನ ಬಲಾಬಲಗಳ ಬದಲಾವಣೆಯನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಲು ನಾಣ್ಯಗಳು ಹೇಗೆ ನೆರವಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

ಕ್ರಿ.ಶ. 69ರ ಅಂತರ್ಯುದ್ಧದಲ್ಲಿ ಗೆದ್ದ ವೆಸ್ಪಾಸಿಯನನಿಗೆ ರಾಜವಂಶದ ಹಿನ್ನೆಲೆ ಇರಲಿಲ್ಲ. ಯೆಹೂದ್ಯರ ದಂಗೆಯನ್ನು ಹತ್ತಿಕ್ಕಿದ್ದೇ ಆತನ ವಂಶದ ಪ್ರತಿಷ್ಠೆಗೆ ಮೂಲ. ಆತನ ಚಿನ್ನದ ನಾಣ್ಯಗಳಲ್ಲಿ ಜುಡಿಯಾ ನಾಡು ವಿಜಯಸ್ತಂಭದ ಕೆಳಗೆ ಕುಳಿತು ದುಃಖಿಸುವ ಹೆಣ್ಣಾಗಿದೆ. ಸೋತ ಜನರನ್ನು ಅಳುವ ಹೆಣ್ಣಿನ ರೂಪದಲ್ಲಿ ತೋರಿಸುವ ಈ ಕ್ರಮ ಗೆದ್ದವರ ದೃಷ್ಟಿಯದೆಂಬುದನ್ನು ಸಂಶೋಧಕನು ಮರೆಯುವಂತಿಲ್ಲ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದುದರ ಭಯಾನಕತೆಯನ್ನು ನಾಣ್ಯವು ಹೇಳುವುದಿಲ್ಲ. ಅದರ ಲಾಭವನ್ನು ಮಾತ್ರ ಹೇಳುತ್ತದೆ.

ಪೋಷಕ, ಪ್ರಾಂತ, ಕುಟುಂಬ

ಎರಡನೆಯ ಶತಮಾನದಲ್ಲಿ ಸಾಮ್ರಾಜ್ಯವು ವಿಸ್ತಾರದ ಪರಾಕಾಷ್ಠೆಯನ್ನು ಮುಟ್ಟಿತು. ಟ್ರಾಜನನು (ಕ್ರಿ.ಶ. 98–117) 106ರಲ್ಲಿ ಡೇಸಿಯವನ್ನು ಗೆದ್ದುದರಿಂದ ಅಲ್ಲಿಯ ಚಿನ್ನದ ಗಣಿಗಳು ರೋಮಿನ ವಶವಾದವು. ಆತನ ನಾಣ್ಯಗಳಲ್ಲಿ ಯುದ್ಧವಿಜಯಗಳೊಂದಿಗೆ ಹೊಸ ಸಭಾಚೌಕ, ಸಭಾಭವನ ಮೊದಲಾದ ಕಟ್ಟಡಗಳೂ ಕಾಣಿಸುತ್ತವೆ. ಇಟಲಿಯ ಬಡಮಕ್ಕಳ ಪೋಷಣೆಗಾಗಿ ನಡೆಸಿದ ಯೋಜನೆಯನ್ನು ನೆನಪಿಸುವ ಔರಿಯಸ್‌ನಲ್ಲಿ ಚಕ್ರವರ್ತಿಯು ಇಬ್ಬರು ಮಕ್ಕಳತ್ತ ಕೈಚಾಚಿ ನಿಂತಿದ್ದಾನೆ. ಚಿನ್ನದ ನಾಣ್ಯವು ಆ ಮಕ್ಕಳ ಕೈಗೆ ಎಂದಿಗಾದರೂ ಬರುತ್ತಿತ್ತೆಂದು ಭಾವಿಸಲಾಗದು. ದಾನಿಯ ಔದಾರ್ಯವನ್ನು ಸಿರಿವಂತರಿಗೆ ತೋರಿಸಲಾಗುತ್ತಿತ್ತು.

ಹೇಡ್ರಿಯನನು (ಕ್ರಿ.ಶ. 117–138) ಟ್ರಾಜನನು ಪೂರ್ವದಲ್ಲಿ ಗೆದ್ದಿದ್ದ ಪ್ರದೇಶಗಳನ್ನು ಬಿಟ್ಟುಕೊಟ್ಟು, ಆಳ್ವಿಕೆಯ ಬಹುಭಾಗವನ್ನು ಪ್ರಾಂತಗಳ ಪ್ರವಾಸದಲ್ಲಿ ಕಳೆದನು. ಆತನ ನಾಣ್ಯಗಳಲ್ಲಿ ಪ್ರಾಂತಗಳು ಇನ್ನು ಅಳುವ ಸೆರೆಯಾಳುಗಳಲ್ಲ. ಸ್ಪೇನ್ ಆಲಿವ್ ಟೊಂಗೆಯನ್ನು ಹಿಡಿದು ಒರಗಿದೆ, ಪಕ್ಕದಲ್ಲಿ ಮೊಲವಿದೆ. ಈಜಿಪ್ಟ್, ಆಫ್ರಿಕಾಗಳು ತಮ್ಮ ತಮ್ಮ ಬೆಳೆ ಮತ್ತು ಪ್ರಾಣಿಗಳೊಡನೆ ನೆಮ್ಮದಿಯಿಂದ ಒರಗಿವೆ. ವೆಸ್ಪಾಸಿಯನನ ಜುಡಿಯಾದೊಂದಿಗೆ ಇವುಗಳನ್ನಿಟ್ಟು ನೋಡಿದರೆ, ಅರವತ್ತು ಎಪ್ಪತ್ತು ವರ್ಷಗಳಲ್ಲಿ ಸಾಮ್ರಾಜ್ಯವು ತನ್ನ ಪ್ರಾಂತಗಳ ಬಗ್ಗೆ ತಳೆದ ಭಾವನೆ ಹೇಗೆ ಮಾರ್ಪಟ್ಟಿತೆಂಬುದು ವಿದಿತವಾಗುತ್ತದೆ.

ಸೆಪ್ಟಿಮಿಯಸ್ ಸೆವೆರಸನು ಕ್ರಿ.ಶ. 201ರ ಸುಮಾರಿಗೆ ಹೊರಡಿಸಿದ ಔರಿಯಸ್‌ನ ಹಿಮ್ಮುಖದಲ್ಲಿ ರಾಣಿ ಜೂಲಿಯಾ ಡೊಮ್ನಾ ನೇರವಾಗಿ ನೋಡುತ್ತಿದ್ದು, ಇಕ್ಕೆಲಗಳಲ್ಲಿ ಮಕ್ಕಳಾದ ಕ್ಯಾರಕಲ್ಲ ಮತ್ತು ಗೇಟಾ ಇದ್ದಾರೆ. ‘ಯುಗದ ಸೌಭಾಗ್ಯ’ ಎಂಬುದು ಅದರ ಬರಹ. ಹತ್ತು ವರ್ಷಗಳ ತರುವಾಯ, 211ರಲ್ಲಿ, ಅಣ್ಣನು ತಮ್ಮನನ್ನು ಕೊಲ್ಲಿಸಿದನು. ಶಿಲಾಶಾಸನಗಳಲ್ಲಿ ಗೇಟಾನ ಹೆಸರನ್ನು ಕೆತ್ತಿ ತೆಗೆಯಲಾಯಿತು. ಆದರೆ ಜನರ ಗಂಟುಗಳನ್ನೂ ಹೂತಿಟ್ಟ ಗಡಿಗೆಗಳನ್ನೂ ಸೇರಿದ ಚಿನ್ನದಿಂದ ಆತನ ಮುಖವನ್ನು ಪೂರ್ಣವಾಗಿ ಅಳಿಸುವುದು ಅಸಾಧ್ಯವಾಗಿತ್ತು.

ಚಿತ್ರಗಳನ್ನು ಓದಿದವರು ಯಾರು?

ಈ ಚಿತ್ರಗಳನ್ನು ‘ಪ್ರಚಾರ’ ಎಂದು ಕರೆಯಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘವಾದ ಚರ್ಚೆ ನಡೆದಿದೆ. ಎ.ಎಚ್.ಎಂ. ಜೋನ್ಸ್ 1956ರಲ್ಲಿ ನಾಣ್ಯಚಿತ್ರಗಳಿಗೆ ಇಂದಿನ ಅಂಚೆಚೀಟಿಗಳ ಚಿತ್ರಗಳಿಗಿಂತ ಹೆಚ್ಚಿನ ರಾಜಕೀಯ ಮಹತ್ವ ಕೊಡುವುದನ್ನು ಸಂದೇಹಿಸಿದರು. ಬಾರ್ಬರಾ ಲೆವಿಕ್ 1982ರಲ್ಲಿ, ಟಂಕಸಾಲೆಯ ಅಧಿಕಾರಿಗಳು ಚಕ್ರವರ್ತಿಯನ್ನು ಮೆಚ್ಚಿಸಲು ಚಿತ್ರಗಳನ್ನು ಆರಿಸುತ್ತಿದ್ದರಾದ್ದರಿಂದ ಅವುಗಳ ಮೊದಲ ಓದುಗನು ಚಕ್ರವರ್ತಿಯೇ ಎಂದು ವಾದಿಸಿದರು. ಆಂಡ್ರ್ಯೂ ವಾಲೇಸ್-ಹ್ಯಾಡ್ರಿಲ್ 1986ರಲ್ಲಿ, ಚಕ್ರವರ್ತಿಯ ತಲೆಯು ನಾಣ್ಯಕ್ಕೆ ಅಧಿಕಾರವನ್ನೂ, ಹಿಮ್ಮುಖದ ಚಿತ್ರವು ಆ ತಲೆಗೆ ಮೌಲ್ಯವನ್ನೂ ಕೊಡುತ್ತಿದ್ದ ಪರಸ್ಪರ ಸಂಬಂಧವನ್ನು ವಿವರಿಸಿದರು. ಈಚಿನ ಅಧ್ಯಯನಗಳು, ಉದಾಹರಣೆಗೆ ಕಾರ್ಲೋಸ್ ನೊರೇನಾ ಅವರ 2011ರ ಗ್ರಂಥ, ಬಿಡಿ ನಾಣ್ಯಗಳ ವ್ಯಾಖ್ಯಾನಕ್ಕಿಂತ ನಿಧಿಗಳಲ್ಲಿ ಯಾವ ಚಿತ್ರ ಎಷ್ಟು ಸಲ ಬರುತ್ತದೆ ಎಂಬ ಎಣಿಕೆಗೆ ಒತ್ತು ನೀಡಿವೆ.

ಪ್ರಾಚೀನರ ಹೇಳಿಕೆಗಳು ಈ ಚರ್ಚೆಗೆ ಒಂದು ಮಿತಿಯನ್ನು ಹಾಕಿಕೊಡುತ್ತವೆ. ನಾಣ್ಯದ ಮೇಲಿರುವುದು ಯಾರ ಮುದ್ರೆ ಎಂದು ಕೇಳಿ, ಟ್ರಾಜನನದಾದರೆ ಸ್ವೀಕರಿಸಬೇಕೆಂದೂ ನೀರೋನದಾದರೆ ಎಸೆಯಬೇಕೆಂದೂ ತತ್ತ್ವಜ್ಞಾನಿ ಎಪಿಕ್ಟೇಟಸನು ಮನುಷ್ಯಸ್ವಭಾವವನ್ನು ವಿವರಿಸುವಾಗ ದೃಷ್ಟಾಂತ ಕೊಡುತ್ತಾನೆ. ದೃಷ್ಟಾಂತವು ಶಿಷ್ಯರಿಗೆ ತಿಳಿಯಬೇಕಾದರೆ ನಾಣ್ಯದ ಮುಖವನ್ನು ಗುರುತಿಸುವ ಅಭ್ಯಾಸ ಇದ್ದಿರಲೇಬೇಕು. ಹಿಮ್ಮುಖದ ಎಲ್ಲ ಚಿತ್ರಗಳೂ ಎಲ್ಲರಿಗೂ ಅರ್ಥವಾಗುತ್ತಿದ್ದವು ಎನ್ನಲಾಗದಿದ್ದರೂ, ಮುಮ್ಮುಖದ ಮುಖ ಯಾರದೆಂಬುದು ಜನರಿಗೆ ತಿಳಿದಿತ್ತು. ಅದರ ಬಗ್ಗೆ ಅವರಲ್ಲಿ ಅಭಿಪ್ರಾಯವೂ ಇತ್ತು.

ಕುಗ್ಗಿದ ತೂಕ, ಹಿಗ್ಗಿದ ಬಿಂಬ

ಚಿತ್ರದ ಮಾತಿಗೆ ಲೋಹದ ತೂಕವು ಸಾಕ್ಷಿಯಾಗಿ ನಿಲ್ಲಬೇಕಾಗಿತ್ತು. ಕ್ರಿ.ಶ. 64ರಲ್ಲಿ ನೀರೋ ಒಂದು ಪೌಂಡಿಗೆ 45 ನಾಣ್ಯಗಳಂತೆ ತೂಕವನ್ನು ಸುಮಾರು 7.2 ಗ್ರಾಂಗೆ ಇಳಿಸಿದನು. ಆತನ ಕೊನೆಯ ವರ್ಷಗಳ ಔರಿಯಸ್‌ಗಳು, ನೆಲ ಜಲಗಳಲ್ಲೆಲ್ಲ ಶಾಂತಿ ನೆಲೆಸಿದ್ದರಿಂದ ಜಾನಸ್ ದೇವಾಲಯದ ಬಾಗಿಲನ್ನು ಮುಚ್ಚಲಾಯಿತೆಂದು ಸಾರುತ್ತವೆ; ಸಾರುವ ನಾಣ್ಯವೇ ಹಗುರವಾಗಿತ್ತು. ಕ್ಯಾರಕಲ್ಲನು 215ರಲ್ಲಿ ಪೌಂಡಿಗೆ 50 ನಾಣ್ಯಗಳನ್ನು ಅಚ್ಚುಹಾಕಿಸಿದನು. ಮೂರನೆಯ ಶತಮಾನದ ಮಧ್ಯಭಾಗದ ಬಿಕ್ಕಟ್ಟಿನಲ್ಲಿ ಚಿನ್ನದ ನಾಣ್ಯಗಳಿಗೆ ಸ್ಥಿರವಾದ ತೂಕವೇ ಇಲ್ಲದಂತಾಯಿತು. ಬೆಳ್ಳಿಯ ನಾಣ್ಯದಲ್ಲಿ 270ರ ಹೊತ್ತಿಗೆ ಬೆಳ್ಳಿ ಶೇಕಡಾ 5ಕ್ಕಿಂತಲೂ ಕಡಿಮೆಯಾಯಿತು.

ಇದೇ ಕಾಲದಲ್ಲಿ ಚಕ್ರವರ್ತಿಯ ಬಿಂಬ ಮಾತ್ರ ಬೆಳೆಯುತ್ತ ಹೋದುದು ಗಮನಾರ್ಹ. ಅಗಸ್ಟಸನು ಪ್ರಜೆಗಳಲ್ಲಿ ಮೊದಲಿಗನೆಂದು ತೋರಿಸಿಕೊಂಡಿದ್ದರೆ, ಔರೇಲಿಯನನ (ಕ್ರಿ.ಶ. 270–275) ಕಾಲಕ್ಕೆ ಸೂರ್ಯದೇವನೇ ಚಕ್ರವರ್ತಿಯ ರಕ್ಷಕನಾದನು. ಸೈನ್ಯವು ಒಬ್ಬನ ಮೇಲೊಬ್ಬನಂತೆ ಚಕ್ರವರ್ತಿಗಳನ್ನು ಏರಿಸಿ ಇಳಿಸುತ್ತಿದ್ದಾಗ, ಮನುಷ್ಯರು ಕೊಡಲಾಗದ ಮತ್ತು ಕಿತ್ತುಕೊಳ್ಳಲಾಗದ ಆಧಾರವೊಂದು ಬೇಕಾಯಿತು. ಟಿಸಿನಮ್ ಎಂಬಲ್ಲಿ 313ರಲ್ಲಿ ಅಚ್ಚಾದ, ಇಂದು ಪ್ಯಾರಿಸ್ಸಿನಲ್ಲಿರುವ ದೊಡ್ಡ ಚಿನ್ನದ ಪದಕದಲ್ಲಿ ಕಾನ್‌ಸ್ಟಂಟೈನ್ ಮತ್ತು ಸೂರ್ಯದೇವನ ಮುಖಗಳು ಅವಳಿಗಳಂತೆ ಒಂದರ ಪಕ್ಕ ಒಂದಿವೆ.

ಕಾನ್‌ಸ್ಟಂಟೈನನು 310ರ ಸುಮಾರಿಗೆ ಪೌಂಡಿಗೆ 72ರಂತೆ, ಅಂದರೆ ಸುಮಾರು 4.5 ಗ್ರಾಂ ತೂಕದ ‘ಸಾಲಿಡಸ್’ ಎಂಬ ಹೊಸ ನಾಣ್ಯವನ್ನು ಜಾರಿಗೆ ತಂದನು. ಹಿಂದಿನದಕ್ಕಿಂತ ಚಿಕ್ಕದಾದರೂ ಇದು ಹನ್ನೊಂದನೆಯ ಶತಮಾನದ ಮೊದಲ ಭಾಗದವರೆಗೆ ತೂಕದಲ್ಲಿಯೂ ಶುದ್ಧತೆಯಲ್ಲಿಯೂ ಬಹುಮಟ್ಟಿಗೆ ಸ್ಥಿರವಾಗಿ ಉಳಿಯಿತು. ಚಿತ್ರವಾದರೋ ಮತ್ತಷ್ಟು ಬದಲಾಯಿತು. ಸೂರ್ಯದೇವನು 320ರ ದಶಕದಲ್ಲಿ ಕಣ್ಮರೆಯಾದನು. ಒಬ್ಬೊಬ್ಬ ಚಕ್ರವರ್ತಿಯ ನಿಜವಾದ ಮುಖಲಕ್ಷಣವನ್ನು ತೋರುತ್ತಿದ್ದ ಪಾರ್ಶ್ವಮುಖದ ಬದಲು ಶಿರಸ್ತ್ರಾಣ, ಈಟಿ, ಗುರಾಣಿಗಳನ್ನು ಧರಿಸಿ ನೇರವಾಗಿ ನೋಡುವ, ವ್ಯಕ್ತಿಭೇದವಿಲ್ಲದ ಬಿಂಬ ಐದನೆಯ ಶತಮಾನದಲ್ಲಿ ರೂಢಿಗೆ ಬಂದಿತು. ಒಂದನೆಯ ಜಸ್ಟಿನನ ಕಾಲದಲ್ಲಿ (518–527) ರೆಕ್ಕೆಯುಳ್ಳ ವಿಜಯದೇವತೆ ದೇವದೂತನಾಗಿ ಮಾರ್ಪಟ್ಟಳು. ಕೊನೆಗೆ ಎರಡನೆಯ ಜಸ್ಟಿನಿಯನನ ಮೊದಲ ಆಳ್ವಿಕೆಯಲ್ಲಿ (685–695) ಮುಮ್ಮುಖವು ಕ್ರಿಸ್ತನಿಗೆ ಸಂದಿತು. ಶಿಲುಬೆ ಹಿಡಿದ ಚಕ್ರವರ್ತಿ ‘ಕ್ರಿಸ್ತನ ದಾಸ’ನೆಂಬ ಬಿರುದಿನೊಡನೆ ಹಿಮ್ಮುಖಕ್ಕೆ ಸರಿದನು. ಸೀಸರನು ದೇವತೆಗಳಿಂದ ಕಸಿದುಕೊಂಡ ಸ್ಥಾನವು ಏಳು ಶತಮಾನಗಳ ನಂತರ ಮರಳಿ ದೇವರಿಗೇ ಸೇರಿತು.

ಗಡಿಯಾಚೆ: ದಕ್ಷಿಣ ಭಾರತದ ಸಾಕ್ಷ್ಯ

ಇಲ್ಲಿಯವರೆಗೆ ಹೇಳಿದ ಅರ್ಥಗಳೆಲ್ಲ ಚಕ್ರವರ್ತಿಯ ಆಜ್ಞೆ ನಡೆಯುವ ನೆಲಕ್ಕೆ ಸಂಬಂಧಿಸಿದವು. ಆ ಆಜ್ಞೆ ನಡೆಯದ ನಾಡಿನಲ್ಲಿ ಇದೇ ಮುಖಕ್ಕೆ ಏನಾಯಿತು? ಭಾರತ, ಚೀನ ಮತ್ತು ಅರೇಬಿಯಗಳು ವರ್ಷಕ್ಕೆ ಹತ್ತು ಕೋಟಿ ಸೆಸ್ಟರ್ಸ್‌ಗಳನ್ನು ಸೆಳೆಯುತ್ತಿದ್ದವೆಂದು ಪ್ಲಿನಿ ದೂರಿದ್ದಾನೆ. ಮುಜಿರಿಸ್ ಮೊದಲಾದ ಮಲಬಾರಿನ ರೇವುಗಳಿಗೆ ಅಪಾರ ನಾಣ್ಯಗಳು ಬರುತ್ತಿದ್ದವೆಂದೂ, ಬರಿಗಾಜಾದಲ್ಲಿ (ಭರೂಚ್) ರೋಮನ್ ಚಿನ್ನ ಬೆಳ್ಳಿಯ ನಾಣ್ಯಗಳನ್ನು ಲಾಭಕ್ಕೆ ವಿನಿಮಯಿಸಬಹುದಾಗಿತ್ತೆಂದೂ ‘ಪೆರಿಪ್ಲಸ್’ ತಿಳಿಸುತ್ತದೆ. 1847ರಲ್ಲಿ ಕೇರಳದ ಕಣ್ಣೂರಿನ ಬಳಿ, 1898ರಲ್ಲಿ ತಮಿಳುನಾಡಿನ ಪುದುಕೋಟೆ ಪ್ರದೇಶದಲ್ಲಿ ದೊರೆತ ನಿಧಿಗಳು ಈ ಹೇಳಿಕೆಗಳಿಗೆ ಪುಷ್ಟಿ ನೀಡುತ್ತವೆ.

ಪುದುಕೋಟೆಯ ನಿಧಿಯಲ್ಲಿ ಅಗಸ್ಟಸನಿಂದ ವೆಸ್ಪಾಸಿಯನನವರೆಗಿನ 501 ಔರಿಯಸ್‌ಗಳಿದ್ದವು. ಅವುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚಿನ ನಾಣ್ಯಗಳ ಮೇಲೆ, ಚಕ್ರವರ್ತಿಯ ತಲೆಯ ಅಡ್ಡಕ್ಕೆ ಉಳಿಯಿಂದ ಹೊಡೆದ ಕಚ್ಚು ಇದೆ. ಚಿನ್ನ ಒಳಗೂ ಶುದ್ಧವಾಗಿದೆಯೇ ಎಂದು ನೋಡಲು ಹೀಗೆ ಮಾಡಿರಬಹುದೆಂಬುದು ಒಂದು ಅಭಿಪ್ರಾಯ. ಆದರೆ ಪರೀಕ್ಷೆಗೆ ಒರೆಗಲ್ಲು ಮತ್ತು ತಕ್ಕಡಿ ಸಾಕಾಗುತ್ತಿತ್ತು. ಕಚ್ಚು ಪದೇ ಪದೇ ಮುಖದ ಮೇಲೆಯೇ ಬೀಳಬೇಕಾದ ಕಾರಣವೂ ಇರಲಿಲ್ಲ. ನಾಣ್ಯವಾಗಿ ಚಲಾವಣೆಯಾಗದಂತೆ ಅದನ್ನು ರದ್ದುಪಡಿಸಿ, ಕೇವಲ ತೂಕದ ಚಿನ್ನವಾಗಿ ಉಳಿಸಿಕೊಳ್ಳಲು ಹೀಗೆ ಮಾಡಲಾಯಿತೆಂಬ ವಿವರಣೆಯು ಹೆಚ್ಚು ಸಮಂಜಸವೆನಿಸುತ್ತದೆ. ರೋಮಿನಲ್ಲಿ ಯಾವುದು ನಾಣ್ಯಕ್ಕೆ ಅಧಿಕಾರ ತಂದಿತ್ತೋ ಅದನ್ನೇ ಇಲ್ಲಿ ಆರಿಸಿ ಹೊಡೆಯಲಾಗಿದೆ. ಉಳಿ ಹಿಡಿದವನಿಗೆ ಆ ಮುಖ ಯಾರದೆಂದು ತಿಳಿದಿರದಿದ್ದರೂ, ನಾಣ್ಯದ ಅಧಿಕಾರ ಅಡಗಿರುವುದು ಎಲ್ಲಿ ಎಂಬುದು ಮಾತ್ರ ತಿಳಿದಿತ್ತು.

ಕಚ್ಚು ಬಿದ್ದುದೊಂದೇ ಆ ಮುಖದ ಗತಿಯಾಗಲಿಲ್ಲ. ಕೆಲವು ನಾಣ್ಯಗಳಿಗೆ ತೂತು ಕೊರೆದು ಅಥವಾ ಕೊಂಡಿ ಬೆಸೆದು ಆಭರಣಗಳನ್ನಾಗಿಸಲಾಯಿತು. ಅಕ್ಷರಗಳು ಬರಿಯ ಗೆರೆಗಳಾಗಿ ಉಳಿದ ಅನುಕರಣ ನಾಣ್ಯಗಳು ಹುಟ್ಟಿದವು. ದಖನ್ನಿನ ತೇರ್, ಕೊಂಡಾಪುರ ಮೊದಲಾದ ನೆಲೆಗಳಲ್ಲಿ ರೋಮನ್ ನಾಣ್ಯಗಳನ್ನು ಹೋಲುವ ಸುಟ್ಟ ಮಣ್ಣಿನ ಪದಕಗಳು ದೊರೆತಿವೆ. ಚಿನ್ನ ಕೊಳ್ಳಲಾಗದವರೂ ಆ ರೂಪವನ್ನು ಧರಿಸಬಯಸಿದರೆಂದು ಇದರಿಂದ ಊಹಿಸಬಹುದು. ಇಲ್ಲಿ ಮುಖವು ಅಧಿಕಾರದ ಗುರುತಾಗಿರದೆ ಅಂದದ, ಪ್ರತಿಷ್ಠೆಯ ಅಥವಾ ಶುಭದ ವಸ್ತುವಾಯಿತು.

ಕರ್ನಾಟಕದಲ್ಲಿ ದೊರೆತ ಆರಂಭಕಾಲದ ರೋಮನ್ ನಾಣ್ಯಗಳಲ್ಲಿ ಬೆಳ್ಳಿಯವೇ ಮುಖ್ಯವಾಗಿವೆ. ಮಾರ್ಟಿಮರ್ ವೀಲರ್ 1947ರಲ್ಲಿ ಉತ್ಖನನ ನಡೆಸಿದ ಚಿತ್ರದುರ್ಗದ ಚಂದ್ರವಳ್ಳಿಯ ನೆಲೆಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸರ ಡಿನೇರಿಯಸ್‌ಗಳು ಬೆಳಕಿಗೆ ಬಂದಿವೆ. ಬೆಂಗಳೂರಿನ ಯಶವಂತಪುರದಲ್ಲಿ ದೊರೆತ ನಿಧಿಯೂ ಬೆಳ್ಳಿಯದೇ. ಚಿನ್ನದ ದೃಷ್ಟಿಯಿಂದ ಮಹತ್ವದ್ದು ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನ ನಿಧಿ. ಇದರಲ್ಲಿ ಐದು ಆರನೆಯ ಶತಮಾನಗಳ ಪೂರ್ವ ರೋಮನ್ ಚಕ್ರವರ್ತಿಗಳ ಸಾಲಿಡಸ್‌ಗಳಿವೆ. ಬನವಾಸಿಯ ಕದಂಬರು ಆಳುತ್ತಿದ್ದ ಕಾಲದಲ್ಲಿ, ಆ ರಾಜಧಾನಿಯಿಂದ ಅಷ್ಟೇನೂ ದೂರವಲ್ಲದ ಊರಿಗೆ ಕಾನ್‌ಸ್ಟಾಂಟಿನೋಪಲ್ಲಿನ ಚಿನ್ನ ತಲುಪಿತ್ತೆಂಬುದು ಪಶ್ಚಿಮ ಕರಾವಳಿಯ ಮೂಲಕ ಸಂಪರ್ಕ ಮುಂದುವರಿದಿತ್ತೆಂಬುದನ್ನು ಸೂಚಿಸುತ್ತದೆ. ರೋಮನ್ ಡಿನೇರಿಯಸ್‌ನ ಹೆಸರು ‘ದೀನಾರ’ವಾಗಿ ಗುಪ್ತರ ಶಾಸನಗಳಲ್ಲಿ ಚಿನ್ನದ ನಾಣ್ಯವನ್ನು ಸೂಚಿಸಿದೆ. ಮುಖಕ್ಕಿಂತ ಹೆಸರು ಈ ನೆಲದಲ್ಲಿ ಹೆಚ್ಚು ಕಾಲ ಬಾಳಿತು.

ಉಪಸಂಹಾರ

ಸಿಂಹಳದ್ವೀಪಕ್ಕೆ ಸಂಬಂಧಿಸಿದ ಎರಡು ಕಥನಗಳನ್ನು ಇಲ್ಲಿ ನೆನೆಯುವುದು ಉಚಿತ. ಕ್ಲಾಡಿಯಸನ ಕಾಲದಲ್ಲಿ ಗಾಳಿಗೆ ಸಿಲುಕಿ ಅಲ್ಲಿಗೆ ತಲುಪಿದ ರೋಮನ್ನನೊಬ್ಬನ ಬಳಿಯಿದ್ದ ಡಿನೇರಿಯಸ್‌ಗಳನ್ನು ಕಂಡ ದೊರೆಯು, ಅವುಗಳ ಮೇಲಿನ ಮುಖಗಳು ಬೇರೆ ಬೇರೆಯಾದರೂ ತೂಕ ಒಂದೇ ಆಗಿರುವುದಕ್ಕೆ ಬೆರಗಾದನೆಂದು ಪ್ಲಿನಿ ಹೇಳುತ್ತಾನೆ. ಆರನೆಯ ಶತಮಾನದ ಕಾಸ್ಮಸ್ ಎಂಬ ಬರಹಗಾರನು, ರೋಮನ್ ಹಾಗೂ ಪಾರಸಿಕ ವರ್ತಕರಲ್ಲಿ ಯಾರ ಅರಸನು ದೊಡ್ಡವನೆಂಬ ವಾದ ಹುಟ್ಟಿದಾಗ, ದೊರೆಯು ರೋಮನ್ನರ ಚಿನ್ನದ ನಾಣ್ಯವನ್ನು ಪಾರಸಿಕರ ಬೆಳ್ಳಿಯ ನಾಣ್ಯದೊಡನೆ ಹೋಲಿಸಿ ರೋಮನ್ನನ ಪರವಾಗಿ ತೀರ್ಪಿತ್ತನೆಂದು ಬರೆದಿದ್ದಾನೆ. ಎರಡನ್ನೂ ಹೇಳಿದವರು ರೋಮನ್ ಜಗತ್ತಿಗೆ ಸೇರಿದವರಾದ್ದರಿಂದ ಸ್ವಪ್ರಶಂಸೆಯ ಅಂಶವಿರುವುದು ಸಹಜ. ಆದರೂ ಎರಡರಲ್ಲಿಯೂ ಪರಕೀಯ ದೊರೆಯನ್ನು ಒಪ್ಪಿಸಿದುದು ಚಿತ್ರವಲ್ಲ, ಲೋಹ ಎಂಬುದನ್ನು ಅವರೇ ಒಪ್ಪಿಕೊಂಡಿದ್ದಾರೆ.

ಒಟ್ಟಿನಲ್ಲಿ ಹೇಳುವುದಾದರೆ, ರೋಮನ್ ಚಿನ್ನದ ನಾಣ್ಯಗಳ ಹಿಮ್ಮುಖಗಳನ್ನು ಕಾಲಾನುಕ್ರಮವಾಗಿ ಜೋಡಿಸಿದರೆ ಅಧಿಕಾರದ ಆಧಾರವು ಕಾನೂನಿನಿಂದ ವಂಶಕ್ಕೆ, ವಂಶದಿಂದ ಸೈನ್ಯಕ್ಕೆ, ಸೈನ್ಯದಿಂದ ದೈವಕ್ಕೆ ಸರಿದ ಚರಿತ್ರೆ ದೊರೆಯುತ್ತದೆ. ತೂಕಗಳನ್ನು ಅದೇ ಕ್ರಮದಲ್ಲಿ ಜೋಡಿಸಿದರೆ ಆ ಮಾತುಗಳಿಗೆ ರಾಜ್ಯವು ಎಷ್ಟರಮಟ್ಟಿಗೆ ಬೆಲೆ ತೆತ್ತಿತು ಎಂಬ ಲೆಕ್ಕ ಸಿಗುತ್ತದೆ. ಇವೆರಡನ್ನೂ ಬೇರೆಬೇರೆಯಾಗಿ ಓದುವುದು ಅಪೂರ್ಣವೆನಿಸುತ್ತದೆ. ದಕ್ಷಿಣ ಭಾರತದ ನಿಧಿಗಳಲ್ಲಿನ ಕಚ್ಚು, ತೂತು, ಸವೆತ, ಅನುಕರಣೆಗಳು ಮೂರನೆಯ ಬಗೆಯ ದಾಖಲೆ. ನಾಣ್ಯವನ್ನು ಪಡೆದವರು ಅದರ ಮೇಲೆ ತಾವೇ ಬರೆದ ಟಿಪ್ಪಣಿಗಳು. ಸಂಗ್ರಹಾಲಯಗಳ ಪಟ್ಟಿಗಳಲ್ಲಿ ಚಕ್ರವರ್ತಿಯ ಹೆಸರು, ವರ್ಷ ಮತ್ತು ಬಗೆಯನ್ನು ನಮೂದಿಸುವಾಗ ಈ ಗುರುತುಗಳನ್ನೂ ಅಷ್ಟೇ ಎಚ್ಚರಿಕೆಯಿಂದ ದಾಖಲಿಸುವುದು ಅಗತ್ಯ. ರೋಮ್ ಏನು ಹೇಳಬಯಸಿತೆಂಬುದನ್ನು ಅಚ್ಚು ತಿಳಿಸುತ್ತದೆ. ಈ ನೆಲದವರು ಅದಕ್ಕೆ ಏನು ಉತ್ತರ ಕೊಟ್ಟರೆಂಬುದನ್ನು ಆ ಕಚ್ಚುಗಳು ತಿಳಿಸುತ್ತವೆ.